ವಾಕ್ಯದಲ್ಲಿ ಕರ್ತೃ ಎಲ್ಲಿ?

ಇಂಗ್ಲಿಷಿನವರು ಪ್ಯಾರಾಗ್ರಾಫ್ ಎನ್ನುವುದಕ್ಕೆ ಕನ್ನಡದಲ್ಲಿ ಇಂದಿಗೂ ಒಂದು ಹೆಸರು ನೆಲೆ ನಿಂತಿಲ್ಲ. ಶಾಲೆಯ ಪುಸ್ತಕಗಳಲ್ಲಿ ಅದು ವಾಕ್ಯವೃಂದ. ಸರ್ಕಾರಿ ಕಡತಗಳಲ್ಲಿ ಕಂಡಿಕೆ. ಅಚ್ಚುಕೂಟದವರಿಗೂ ನಮಗೂ ನಿಮಗೂ ಬರಿಯ ಪ್ಯಾರಾ. ಹೆಸರು ನಿಲ್ಲದಿರುವುದಕ್ಕೆ ಕಾರಣವಿಲ್ಲದಿಲ್ಲ. ಆ ಪದಾರ್ಥವೇ ನಮ್ಮಲ್ಲಿಗೆ ಅಚ್ಚಿನ ಯಂತ್ರದೊಡನೆ, ಶಾಲೆಯ ನಿಬಂಧದೊಡನೆ ಬಂದದ್ದು. ತಾಳೆಗರಿಯ ಲಿಪಿಕಾರನು ಪದಕ್ಕೂ ಪದಕ್ಕೂ ನಡುವೆಯೇ ತೆರಪು ಬಿಡುತ್ತಿರಲಿಲ್ಲ. ಇನ್ನು ಪ್ಯಾರಾಕ್ಕೆ ತೆರಪು ಎಲ್ಲಿಂದ ಬರಬೇಕು? ನಮ್ಮ ವ್ಯಾಕರಣಕಾರರ ಗಮನವೂ ಆ ಕಡೆಗೆ ಹರಿದದ್ದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳನ್ನು ಮಾಡಿದನು. ಗ್ರಂಥದ ಹೆಸರೇ ಹೇಳುವಂತೆ ಅವನ ಕಣ್ಣಿದ್ದದ್ದು ಶಬ್ದದ ಮೇಲೆ.

ಹಾಗೆಂದು ಮಾತನ್ನು ಭಾಗ ಮಾಡಿ ಜೋಡಿಸುವ ವಿದ್ಯೆ ನಮ್ಮವರಿಗೆ ತಿಳಿದಿರಲಿಲ್ಲವೆಂದಲ್ಲ. ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ನಗರ ಎಂದರೆ ಕೆಳದಿಯ ಅರಸರ ಬಿದನೂರು. ತಾಲ್ಲೂಕಿನ ಕಚೇರಿ ಆಮೇಲೆ ಕಲ್ಲೂರುಕಟ್ಟೆಗೆ ಹೋಗಿ ಆ ಊರು ಹೊಸನಗರವಾಯಿತು. ಈ ಸಂಪುಟದ ಯಾವುದಾದರೊಂದು ದೊಡ್ಡ ದಾನಶಾಸನವನ್ನು ತೆಗೆದು ನೋಡಿ. ಮೊದಲು ಸ್ತುತಿ, ಆಮೇಲೆ ಅರಸನ ಬಿರುದು, ದಾನಿಯ ವಂಶ, ಕಾಲ, ಕೊಟ್ಟ ಭೂಮಿ, ಅದರ ಎಲ್ಲೆ, ಕಡೆಗೆ ಅಳಿದವನಿಗೆ ಶಾಪ. ಕಲ್ಲಿನಲ್ಲಿ ತೆರಪಿಲ್ಲ, ನಿಜ. ಆದರೆ ‘ಸ್ವಸ್ತಿ’ ಎಂದೊಡನೆ ಹೊಸ ಭಾಗ ತೊಡಗಿತೆಂದು ಓದುವವನಿಗೆ ತಿಳಿಯುತ್ತದೆ. ‘ಮತ್ತಂ’ ಎಂದರೆ ಹಿಂದಿನದಕ್ಕೆ ಇನ್ನೊಂದು ಸೇರಿತೆಂದು ತಿಳಿಯುತ್ತದೆ. ಭೂಮಿಯ ವಿಷಯದಲ್ಲಿ ಗೊಂದಲವಾಗಬಾರದೆಂಬ ಎಚ್ಚರ ಆ ಶಾಸನಕವಿಗೆ ಚೆನ್ನಾಗಿಯೇ ಇದ್ದಿತು. ಈ ಎಚ್ಚರದ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಈಚಿನ ಕೆಲವು ವರ್ಷಗಳಿಂದ ನಾನು ಒಂದು ಪದವಿ ತರಗತಿಗೆ ಆನ್‌ಲೈನಿನಲ್ಲಿ ಪ್ರಾಥಮಿಕ ಬರೆವಣಿಗೆಯ ಪಾಠ ಹೇಳುತ್ತಿದ್ದೇನೆ. ಮನೆಯಲ್ಲಿದ್ದುಕೊಂಡೇ ಓದುವುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲೇ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡು ಮಾಡಿತು. 1996ರಲ್ಲಿ ಅದರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ಅಂಚೆಯವನು ತರುತ್ತಿದ್ದ ಪಾಠ ಈಗ ಕೈಯ ಫೋನಿಗೆ ಬರುತ್ತದೆ, ಸಿಗ್ನಲ್ ಇದ್ದರೆ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಗೆ ಹೋಗಿ, ಕೊಡೆ ಹಿಡಿದು ಪಾಠ ಕೇಳಿದ್ದನ್ನು ನೀವು ಬಲ್ಲಿರಿ. ನನ್ನ ತರಗತಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯವರು ಹಲವರು: ಮದುವೆಯಾಗಿ ಓದು ನಿಂತವರು, ಅಂಗಡಿಯಲ್ಲಿ ಕೆಲಸ ಮಾಡುವವರು, ತೋಟ ನೋಡಿಕೊಳ್ಳುವವರು. ಮಳೆಗಾಲದ ಸಂಜೆ ಏಳಕ್ಕೆ ಪಾಠ ತೊಡಗಿದರೆ ಅರ್ಧದಲ್ಲಿ ಕರೆಂಟು ಹೋಗಿ ಒಬ್ಬೊಬ್ಬರೇ ಮಾಯವಾಗುತ್ತಾರೆ.

ಫೋನು ಬರೆವಣಿಗೆಗೆ ಒಂದು ವಿಚಿತ್ರ ರೂಪ ಕೊಟ್ಟಿದೆ. ಬೆರಳಿನಲ್ಲಿ ಬರೆಯುವವರು ಒಂದೊಂದು ವಾಕ್ಯವನ್ನೂ ಬೇರೆ ಬೇರೆಯಾಗಿ ಕಳುಹಿಸುತ್ತಾರೆ. ವಾಕ್ಯಗಳೆಲ್ಲ ಬಿಡಿ ಮಣಿಗಳಾಗಿ ಚೆದರುತ್ತವೆ. ಬಾಯಲ್ಲಿ ಹೇಳಿ ಅಕ್ಷರ ಮೂಡಿಸುವವರದು ಇದಕ್ಕೆ ತದ್ವಿರುದ್ಧ: ಪೂರ್ಣವಿರಾಮವೇ ಇಲ್ಲದೆ ಒಂದೇ ಹೊಳೆ. ತಾಳೆಗರಿಯ ಕಾಲ ಮರಳಿತೋ ಎನಿಸುವಷ್ಟು.

ಪಠ್ಯಕ್ರಮವು ಹೇಳುವುದು ಸರಳ: ಒಂದು ಪ್ಯಾರಾಕ್ಕೆ ಒಂದು ವಿಷಯ; ಮೊದಲಿಗೆ ಆ ವಿಷಯವನ್ನು ಹೇಳುವ ಮುಖ್ಯ ವಾಕ್ಯ; ಉಳಿದವು ಅದಕ್ಕೆ ಒತ್ತಾಸೆ. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ ಎಂಬ ಪ್ರಾಧ್ಯಾಪಕರು 1866ರಲ್ಲಿ ಅಚ್ಚು ಹಾಕಿಸಿದ ರಚನಾಶಾಸ್ತ್ರದ ಪುಸ್ತಕದಲ್ಲಿ ಈ ನಿಯಮಗಳಿವೆ. ಪ್ರಪಂಚದ ಕಾಲೇಜುಗಳೆಲ್ಲ ಇಂದಿಗೂ ಹೆಚ್ಚುಕಡಿಮೆ ಅದನ್ನೇ ಹೇಳಿಕೊಡುತ್ತಿವೆ. ಇದನ್ನು ಬರಿಯ ನಿಯಮವಾಗಿ ಹೇಳಿದರೆ ಕೇಳುವವರ ಮುಖದಲ್ಲಿ ಏನೂ ಮೂಡುವುದಿಲ್ಲ. ನಾನು ತಾಳಮದ್ದಲೆಯ ಮಾತು ತೆಗೆಯುತ್ತೇನೆ. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿ ಆ ಪದ್ಯದಲ್ಲಿರುವುದನ್ನು ಹಿಡಿದು ಬೆಳೆಸುತ್ತಾನೆ, ವಾದಿಸುತ್ತಾನೆ, ದೃಷ್ಟಾಂತ ಕೊಡುತ್ತಾನೆ. ಆದರೆ ಮುಂದಿನ ಪದ್ಯದ ಸಂಗತಿಯನ್ನು ತಾನೇ ಮುಂಚಿತವಾಗಿ ಆಡಿಬಿಟ್ಟರೆ ಎದುರಿನ ಅರ್ಥಧಾರಿಗೂ ಕಷ್ಟ, ಭಾಗವತರಿಗೂ ಸಿಟ್ಟು. ಪದ್ಯವೇ ಮುಖ್ಯ ವಾಕ್ಯ, ಅರ್ಥವೇ ಪ್ಯಾರಾ ಎಂದರೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ರಾತ್ರಿಯಿಡೀ ಕುಳಿತು ಕೇಳಿದ ಕಿವಿಗಳಿಗೆ ಬೇನ್ ಸಾಹೇಬರ ಹಂಗಿಲ್ಲ.

ನಿಜವಾದ ತೊಡಕು ಇರುವುದು ವಾಕ್ಯದ ಒಳಗೆ. ಒಬ್ಬ ಗೃಹಿಣಿ ಅಡಿಕೆ ಕೊಯ್ಲಿನ ಮೇಲೆ ಬರೆದು ಕಳುಹಿಸಿದರು: “ಕೊನೆ ಇಳಿಸಿ, ಅಡಿಕೆ ಸುಲಿದು, ಚೊಗರು ಹಾಕಿ, ಬೇಯಿಸಿ, ಅಟ್ಟದ ಮೇಲೆ ಹರವಿ, ಒಣಗಿಸಿ, ಚೀಲ ತುಂಬಿ, ಮಂಡಿಗೆ ಕಳುಹಿಸಿದೆವು.” ಚೆಲುವಾದ ಕನ್ನಡ. ಇಳಿಸಿ, ಸುಲಿದು ಮೊದಲಾದ ಏಳು ರೂಪಗಳನ್ನು ಶಾಲೆಯ ವ್ಯಾಕರಣ ಕೃದಂತಾವ್ಯಯಗಳೆನ್ನುತ್ತದೆ. ಅವುಗಳಿಗೆ ತಮ್ಮದೇ ಆದ ಪುರುಷವಚನ ಪ್ರತ್ಯಯಗಳಿಲ್ಲ. ಎಂಟನೆಯ ಕ್ರಿಯಾಪದದ ‘ಎವು’ ಎಂಬ ಬಾಲವೇ ಎಲ್ಲಕ್ಕೂ ಒಡೆಯ. ಎಂದರೆ ಎಂಟು ಕೆಲಸವನ್ನೂ ‘ನಾವು’ ಮಾಡಿದೆವು ಎಂದಾಯಿತು. “ಸುಲಿದವರು ಯಾರು?” ಎಂದು ಕೇಳಿದೆ. “ಸುಲಿಯೋಕೆ ಹೆಂಗಸರು ಬರ್ತಾರಲ್ಲ ಸಾರ್, ಹತ್ತು ಹನ್ನೆರಡು ಜನ” ಎಂದರು. ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿಯ ಮುಂದೆ ಕುಳಿತ ಆ ಹತ್ತು ಹನ್ನೆರಡು ಜನ ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ; ವಾಕ್ಯದ ಕಟ್ಟೇ ಅವರನ್ನು ನುಂಗಿತ್ತು.

ಈ ನಿಯಮಕ್ಕೊಂದು ಹೊರತುಂಟು. ‘ಮಳೆ ಬಂದು ಹೊಳೆ ತುಂಬಿತು’ ಎಂದರೆ ಯಾರೂ ತಪ್ಪೆನ್ನುವುದಿಲ್ಲ. ಬಂದದ್ದು ಮಳೆ, ತುಂಬಿದ್ದು ಹೊಳೆ, ಕರ್ತೃಗಳು ಎರಡು. ಒಂದು ಘಟನೆ ತಾನಾಗಿ ಇನ್ನೊಂದಕ್ಕೆ ಕಾರಣವಾಗುವ ಕಡೆ, ಅದರಲ್ಲೂ ನಿಸರ್ಗದ ವ್ಯಾಪಾರಗಳಲ್ಲಿ, ಕನ್ನಡವು ಇದನ್ನು ಒಪ್ಪುತ್ತದೆ. ನಮ್ಮ ಶಾಲಾ ವ್ಯಾಕರಣವು ಸಂಸ್ಕೃತದ ಅಚ್ಚಿನಲ್ಲಿ ಎರಕವಾದದ್ದೆಂದು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ಡಿ. ಎನ್. ಶಂಕರ ಬಟ್ಟರು ಹೂಡಿದ ವಾದ ಪೂರ್ತಿ ಒಪ್ಪಿಗೆಯಾಗದವರೂ ಇಂಥ ಕಡೆ ಕನ್ನಡದ ಸ್ವಂತ ನಡೆಯನ್ನು ಗಮನಿಸಲೇಬೇಕು. ವಿಭಕ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗೆ ಇದು ಹೊಳೆಯುವುದಿಲ್ಲ.

ಇದು ಬರಿಯ ಪರೀಕ್ಷೆಯ ಮಾತಲ್ಲವೆಂಬುದು ಇನ್ನೊಬ್ಬ ವಿದ್ಯಾರ್ಥಿಯ ಬರೆಹದಿಂದ ತಿಳಿಯುತ್ತದೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರಗಳ ಕಡೆಯ ಎಷ್ಟೋ ಊರುಗಳು ನೀರಿನಡಿಗೆ ಹೋದವು. ಅಲ್ಲಿಂದೆದ್ದ ಕುಟುಂಬಗಳು ಜಿಲ್ಲೆಯ ಬೇರೆಬೇರೆ ಕಡೆ, ಕಾಡಿನ ನೆಲಗಳಲ್ಲಿ ನೆಲೆ ಕಂಡವು. ಆ ನೆಲದ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ತೀರಿಲ್ಲ. ‘ಮುಳುಗಡೆ’ ಎಂಬ ಒಂದೇ ಮಾತಿನಲ್ಲಿ ಮಲೆನಾಡಿನವರಿಗೆ ಇದಿಷ್ಟೂ ಅರ್ಥವಾಗುತ್ತದೆ. ‘ನಮ್ಮ ಮನೆತನ ಈ ಊರಿಗೆ ಬಂದದ್ದು’ ಎಂಬ ವಿಷಯ ಕೊಟ್ಟಾಗ ಅಂಥ ಕುಟುಂಬದ ಆ ತರುಣ ಬರೆದದ್ದು ಹೀಗೆ: “ನೀರು ಬಂದು ಜಮೀನು ಮನೆ ಮುಳುಗಿ ನಮ್ಮಜ್ಜ ಊರು ಬಿಟ್ಟು ಇಲ್ಲಿಗೆ ಬಂದು ಕಾಡು ಕಡಿದು ಗದ್ದೆ ಮಾಡಿ ಮನೆ ಕಟ್ಟಿಕೊಂಡರು, ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ.” ಹಕ್ಕುಪತ್ರಕ್ಕೆಂದು ಮನೆಯವರು ಅರ್ಜಿ ಬರೆಸಿದ್ದೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಎಂದು ಆಮೇಲೆ ತಿಳಿಯಿತು.

ಮನೆಯಲ್ಲಿ ಹೀಗೆ ಹೇಳಿದರೆ ಕೊರತೆಯೇನಿಲ್ಲ, ಕೇಳುವವರಿಗೆಲ್ಲ ಕಥೆ ಗೊತ್ತು. ಕಥೆ ಗೊತ್ತಿಲ್ಲದ ಅಧಿಕಾರಿಯೊಬ್ಬ ಇದನ್ನು ಓದುತ್ತಾನೆಂದು ಎಣಿಸಿಕೊಳ್ಳಿ. ‘ನೀರು ಬಂದು ಜಮೀನು ಮುಳುಗಿ’ ಎನ್ನುವುದು ‘ಮಳೆ ಬಂದು ಹೊಳೆ ತುಂಬಿತು’ ಎಂಬುದರ ಅಚ್ಚೇ. ಅಣೆಕಟ್ಟು ಇಲ್ಲಿ ಮಳೆಗಾಲವಾಗಿಬಿಟ್ಟಿದೆ. ಮುಳುಗಿಸಿದವರು ಯಾರೂ ಇಲ್ಲ. ಇಡೀ ವಾಕ್ಯದಲ್ಲಿ ಕೆಲಸ ಮಾಡಿದ ಮನುಷ್ಯ ಒಬ್ಬನೇ, ಅಜ್ಜ. ಅವನು ಮಾಡಿದ ಕೆಲಸಗಳು ಐದು: ಬಿಟ್ಟನು, ಬಂದನು, ಕಡಿದನು, ಗದ್ದೆ ಮಾಡಿದನು, ಕಟ್ಟಿಕೊಂಡನು. ತಾನಾಗಿ ಊರು ಬಿಟ್ಟು ಬಂದು ಸರ್ಕಾರದ ಕಾಡಿಗೆ ಕೈಹಾಕಿದವನ ಚಿತ್ರ ಇದು. ಒಂದು ಸುಳ್ಳು ಪದವೂ ಇಲ್ಲದೆ, ಬರಿಯ ಕೃದಂತಗಳ ಸರಪಣಿಯಿಂದ, ಮೊಮ್ಮಗನೇ ಅಜ್ಜನನ್ನು ಒತ್ತುವರಿದಾರನನ್ನಾಗಿ ಮಾಡಿದ್ದನು.

ಇಂಥ ಅರ್ಜಿಗೆ ಬರುವ ಉತ್ತರದ ವ್ಯಾಕರಣವನ್ನೂ ನೋಡಬೇಕು. ‘ಪರಿಶೀಲಿಸಲಾಗಿದೆ’, ‘ತಿರಸ್ಕರಿಸಲಾಗಿದೆ’ ಎಂಬುವು ಕಚೇರಿಯ ಕನ್ನಡದ ನಿತ್ಯದ ರೂಪಗಳು. ‘ಲಾಗಿದೆ’ ಎಂದೊಡನೆ ಮಾಡಿದವನು ಹೇಳಹೆಸರಿಲ್ಲದೆ ಜಾರುತ್ತಾನೆ. ಅರ್ಜಿದಾರನಿಗೆ ಮಾತ್ರ ಈ ಮರೆ ದೊರೆಯದು.

ತರುಣನಿಗೆ ನಾನು ತಿದ್ದಿ ಕೊಡಲಿಲ್ಲ. ಪ್ರತಿಯೊಂದು ಕ್ರಿಯಾಪದದ ಪಕ್ಕದಲ್ಲಿ ‘ಯಾರು?’ ಎಂದು ಬರೆದು ಹಿಂದಕ್ಕೆ ಕಳುಹಿಸಿದೆ. ಅವನಿಗೂ ಎಲ್ಲಕ್ಕೂ ಉತ್ತರ ತಿಳಿದಿರಲಿಲ್ಲ; ಮನೆಯಲ್ಲಿದ್ದ ಅಜ್ಜನ ತಂಗಿಯನ್ನು ಕೇಳಿದನಂತೆ. ಮುಂದಿನ ವಾರ ಬಂದದ್ದರಲ್ಲಿ ಒಂದು ವಾಕ್ಯವಿದ್ದ ಕಡೆ ಏಳು ವಾಕ್ಯಗಳಿದ್ದವು. ಜಮೀನು ವಶಪಡಿಸಿಕೊಂಡದ್ದು ಸರ್ಕಾರ. ಮನೆಯ ಸಾಮಾನನ್ನು ಲಾರಿಗೆ ಹೇರಿಸಿದ್ದು ಸರ್ಕಾರ. ಇಳಿಸಿ ಜಾಗ ತೋರಿಸಿದ್ದೂ ಸರ್ಕಾರವೇ. ಕೊನೆಯ ಎರಡು ವಾಕ್ಯಗಳನ್ನು, ಹಕ್ಕುಪತ್ರದ ಸಂಗತಿಯನ್ನು, ಬೇರೊಂದು ಪ್ಯಾರಾ ಮಾಡಿದ್ದನು. ಅದು ನಾನು ಹೇಳದೆಯೇ ಅವನಿಗೆ ಹೊಳೆದದ್ದು. ಒಂದು ಪ್ಯಾರಾ ಆದದ್ದಕ್ಕೆ, ಒಂದು ಆಗಬೇಕಾದದ್ದಕ್ಕೆ. ‘ಕಣ್ಣೀರಿನ ಬದುಕು’ ಎಂದೇನೋ ಮೊದಲಿಗೆ ಸೇರಿಸಿ ಆಮೇಲೆ ತಾನೇ ಹೊಡೆದುಹಾಕಿದ್ದನು. ಕ್ರಿಯಾಪದಗಳಿಗೆ ಅವುಗಳ ಒಡೆಯರು ಸಿಕ್ಕಿದ ಮೇಲೆ ವಿಶೇಷಣಗಳಿಗೆ ಅಲ್ಲಿ ಕೆಲಸವಿರಲಿಲ್ಲ.

ಒಂದು ಸಂಶಯ ಮಾತ್ರ ಉಳಿದಿತ್ತು. “ಸಾರ್, ಅಜ್ಜ ಕಾಡು ಕಡಿದದ್ದನ್ನು ತೆಗೆದುಬಿಡಲಾ?” ಎಂದು ಕೇಳಿದನು. ನಡೆದದ್ದನ್ನು ತೆಗೆಯುವುದು ಬೇಡ, ಅದಕ್ಕೆ ಸಲ್ಲುವ ಜಾಗ ಹುಡುಕು ಎಂದೆ. ‘ಕಡಿದು’ ಎಂಬುದು ಹಿಂದುಮುಂದಿನ ಕ್ರಿಯೆಗಳ ಜೊತೆ ಕೊಂಡಿ ಹಾಕಿಕೊಳ್ಳುವ ರೂಪ. ‘ಕಡಿದ’, ‘ತೋರಿಸಿದ’ ಎಂಬ ಕೃದಂತಗಳ ಗುಣ ಬೇರೆ. ಅವು ತಮ್ಮ ಕರ್ತೃವನ್ನು ತಾವೇ ಹೊತ್ತುಕೊಂಡು ನಾಮಪದದ ಹಿಂದೆ ನಿಲ್ಲಬಲ್ಲವು. ಹಾಗೆ ಒಂದೇ ವಾಕ್ಯದಲ್ಲಿ ಇಬ್ಬರು ಕರ್ತೃಗಳು, ಅವರವರ ಕೆಲಸದ ಪಕ್ಕದಲ್ಲೇ, ಒಬ್ಬರನ್ನೊಬ್ಬರು ಮರೆಮಾಡದೆ ಇರಬಹುದು. ಇಷ್ಟು ಹೇಳುವುದರೊಳಗೆ ಅವನ ಕಡೆಯ ಸಿಗ್ನಲ್ ಹೋಯಿತು. ಮಾರನೆಯ ಬೆಳಗ್ಗೆ ಐದು ಪದಗಳ ವಾಕ್ಯವೊಂದನ್ನು ಕಳುಹಿಸಿದ್ದನು: “ಸರ್ಕಾರ ತೋರಿಸಿದ ಕಾಡನ್ನು ಅಜ್ಜ ಕಡಿದರು.”