ಲ್ಯಾಪ್‌ಟಾಪ್‌ಗೂ ಬೇಕೆ ಬೀಸಣಿಗೆ?

ರಾಯಚೂರು, ಕಲಬುರಗಿಗಳ ಕಡೆ ಏಪ್ರಿಲ್ ಬಂತೆಂದರೆ ತಾಪಮಾನ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಮಧ್ಯಾಹ್ನದ ಹೊತ್ತಿಗೆ ಮನುಷ್ಯರು ನೆರಳು ಹುಡುಕುತ್ತಾರೆ, ಎಮ್ಮೆಗಳು ನೀರು ಹುಡುಕುತ್ತವೆ. ಮನೆಯ ಮಂಚದ ಮೇಲಿರುವ ಲ್ಯಾಪ್‌ಟಾಪ್ ಮಾತ್ರ ಎಲ್ಲಿಗೂ ಹೋಗುವಂತಿಲ್ಲ. ಅದರೊಳಗಿನ ಪುಟ್ಟ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗುತ್ತದೆ. ಕೀಲಿಮಣೆ ಬಿಸಿಯಾಗುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಆನ್‌ಲೈನ್ ಪಾಠ ತಡವರಿಸುತ್ತದೆ. ಆಗ ಮನೆಯವರಿಗೆ ನೆನಪಾಗುವುದೇ ‘ಕೂಲಿಂಗ್ ಪ್ಯಾಡ್’.

ಇದು ಲ್ಯಾಪ್‌ಟಾಪಿನ ಅಡಿಗೆ ಇಡುವ, ಒಂದೋ ಎರಡೋ ಆರೋ ಫ್ಯಾನುಗಳಿರುವ ಚಪ್ಪಟೆ ಮಣೆ. ಬೆಲೆ ಕೆಲವು ನೂರು ರೂಪಾಯಿಗಳಿಂದ ಹಿಡಿದು ಹಲವು ಸಾವಿರದವರೆಗೆ. ಹೆಸರಿನಲ್ಲಿ ‘ಕೂಲಿಂಗ್’ ಇದ್ದರೂ ಅದು ತಂಪನ್ನು ಉತ್ಪಾದಿಸುವುದಿಲ್ಲ. ಕೋಣೆಯ ಗಾಳಿಯನ್ನು ನೂಕುತ್ತದೆ, ಅಷ್ಟೆ. ಕೋಣೆಯಲ್ಲಿ ೩೮ ಡಿಗ್ರಿ ಇದ್ದರೆ ಪ್ಯಾಡ್ ಕೊಡುವುದೂ ೩೮ ಡಿಗ್ರಿಯ ಗಾಳಿಯನ್ನೇ. (ಫ್ಯಾನಿನ ಕೆಳಗೆ ಕುಳಿತ ಮನುಷ್ಯನಿಗೆ ತಂಪೆನಿಸುವುದು ಬೆವರು ಆರುವುದರಿಂದ. ಲ್ಯಾಪ್‌ಟಾಪ್ ಬೆವರುವುದಿಲ್ಲ!)

ಹಾಗಾದರೆ ಅದರಿಂದ ಉಪಯೋಗವೇ ಇಲ್ಲವೆ? ಇದೆ. ಆದರೆ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಸಮನಾಗಿ ಇಲ್ಲ. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿರುವ ಲ್ಯಾಪ್‌ಟಾಪಿನ ತಳವನ್ನು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಬಿಸಿ ಬರುವುದೆಲ್ಲಿಂದ?

ಪಂಪಿಗೆ ಹರಿದ ವಿದ್ಯುತ್ತು ನೀರೆತ್ತುತ್ತದೆ. ಲ್ಯಾಪ್‌ಟಾಪಿನ ಪ್ರೊಸೆಸರ್ ನುಂಗಿದ ವಿದ್ಯುತ್ತಾದರೋ, ಎಷ್ಟೇ ಲೆಕ್ಕ ಮಾಡಿಕೊಟ್ಟರೂ, ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ೧೫ ವಾಟ್ ಆಸುಪಾಸಿನ ಪ್ರೊಸೆಸರ್ ಇರುತ್ತದೆ. ವಿಡಿಯೊ ಆಟಗಳಿಗೆಂದೇ ಮಾಡಿದವುಗಳಲ್ಲಿ ೪೫ ವಾಟ್ ಅಥವಾ ಅದಕ್ಕೂ ಹೆಚ್ಚು. ಜೊತೆಗೆ ಗ್ರಾಫಿಕ್ಸ್ ಚಿಪ್ಪಿನ ಶಾಖ ಬೇರೆ. ಇಷ್ಟೂ ಹುಟ್ಟುವುದು ಅಂಚೆಚೀಟಿಯಷ್ಟು ಸಣ್ಣ ಜಾಗದಲ್ಲಿ.

ಅಲ್ಲಿಂದ ಶಾಖವನ್ನು ಹೊತ್ತೊಯ್ಯುವುದು ‘ಹೀಟ್ ಪೈಪ್’ ಎಂಬ ತಾಮ್ರದ ಕೊಳವೆ. ಅದರೊಳಗಿನ ಗಾಳಿಯನ್ನು ತೆಗೆದು, ಸ್ವಲ್ಪವೇ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು ೧೦೦ ಡಿಗ್ರಿಗೆ ಕಾಯದೆ ಬೇಗ ಆವಿಯಾಗಿ ಇನ್ನೊಂದು ತುದಿಗೆ ಧಾವಿಸುತ್ತದೆ. ಅಲ್ಲಿ ಲೋಹದ ತೆಳು ಪಟ್ಟಿಗಳಿಗೆ ಶಾಖ ಕೊಟ್ಟು ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ೧೯೬೩ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ರೂಪಿಸಿದ ಈ ಉಪಾಯ ಉಪಗ್ರಹಗಳಿಗೂ ಏರಿದೆ, ಲ್ಯಾಪ್‌ಟಾಪಿಗೂ ಇಳಿದಿದೆ. ಕಾದ ಪಟ್ಟಿಗಳ ಮೇಲೆ ಗಾಳಿ ಬೀಸಿ ಬಿಸಿಯನ್ನು ಹೊರಹಾಕುವುದು ಒಳಗಿನ ಫ್ಯಾನಿನ ಕೆಲಸ.

ಈ ಗಾಳಿಯ ದಾರಿ ಕಟ್ಟಿದರೆ? ಹಲವು ಪ್ರೊಸೆಸರ್‌ಗಳಿಗೆ ೧೦೦ ಡಿಗ್ರಿಯ ಆಸುಪಾಸು ಲಕ್ಷ್ಮಣರೇಖೆ. ಅದನ್ನು ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ನಿಧಾನವಾಯಿತೆಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಇನ್ನೂ ಏರಿದರೆ ಯಂತ್ರ ತಾನಾಗಿ ಆರಿಹೋಗುತ್ತದೆ. ಪ್ರೊಸೆಸರ್ ಹೀಗೆ ಪಾರಾಗುತ್ತದೆ. ಪಕ್ಕದಲ್ಲಿರುವ ಬ್ಯಾಟರಿಗೆ ಆ ಭಾಗ್ಯವಿಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಸತತ ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ. ಒಳಗೆ ಅನಿಲ ಹುಟ್ಟಿ ಉಬ್ಬುವುದೂ ಉಂಟು. ಅಂದರೆ ಇಲ್ಲಿರುವುದು ಬರಿಯ ಕಿರಿಕಿರಿಯ ಪ್ರಶ್ನೆಯಲ್ಲ. ಸಾಲ ಮಾಡಿ ಕೊಂಡ ಯಂತ್ರದ ಆಯಸ್ಸಿನ ಪ್ರಶ್ನೆ.

ಮೂಗು ಎಲ್ಲಿದೆ?

ಚಾಲೂ ಇರುವ ಲ್ಯಾಪ್‌ಟಾಪಿನ ಸೀಳುಗಳ ಬಳಿ ತೆಳು ಕಾಗದದ ಚೂರೊಂದನ್ನು ಹಿಡಿದರೆ ಗುಟ್ಟು ತಿಳಿಯುತ್ತದೆ. ಕಾಗದವನ್ನು ಸೆಳೆದುಕೊಳ್ಳುವುದು ಉಸಿರೆಳೆಯುವ ದ್ವಾರ. ತಳ್ಳುವುದು ಉಸಿರು ಬಿಡುವ ದ್ವಾರ.

ಉಸಿರೆಳೆಯುವ ದ್ವಾರ ತಳದಲ್ಲಿದ್ದರೆ ಪ್ಯಾಡಿನಿಂದ ಪ್ರಯೋಜನವಿದೆ. ಆದರೆ ಪ್ಯಾಡಿನ ಫ್ಯಾನು ಸರಿಯಾಗಿ ಆ ಸೀಳುಗಳ ಕೆಳಗೇ ಬರಬೇಕು, ಗಾಳಿಯನ್ನು ಮೇಲಕ್ಕೆ ಊದಬೇಕು. ನಡುವೆ ಒಂದೇ ದೊಡ್ಡ ಫ್ಯಾನಿರುವ ಪ್ಯಾಡ್, ಮೂಲೆಗಳಲ್ಲಿ ಸೀಳಿರುವ ಲ್ಯಾಪ್‌ಟಾಪಿಗೆ ಹೆಚ್ಚು ನೆರವಾಗದು. ಕೆಳಮುಖವಾಗಿ ಊದುವ ಪ್ಯಾಡಂತೂ ಒಳಗಿನ ಫ್ಯಾನಿನೊಡನೆ ಹಗ್ಗಜಗ್ಗಾಟಕ್ಕೇ ನಿಲ್ಲುತ್ತದೆ.

ದ್ವಾರ ಪಕ್ಕದಲ್ಲೋ ಕೀಲಿಮಣೆಯ ಕಡೆಯೋ ಇದ್ದರೆ ಪ್ಯಾಡ್ ತಣಿಸುವುದು ಹೊರಕವಚವನ್ನು ಮಾತ್ರ. ಇನ್ನು ಫ್ಯಾನೇ ಇಲ್ಲದ ಲ್ಯಾಪ್‌ಟಾಪ್‌ಗಳಿವೆ. ೨೦೨೦ರಲ್ಲಿ ಬಂದ ಎಂ-೧ ಚಿಪ್ಪಿನ ಮ್ಯಾಕ್‌ಬುಕ್ ಏರ್ ಅಂಥದು. ಅಲ್ಲಿ ಲೋಹದ ಮೈಯೇ ಶಾಖ ಬಿಡುವ ಸಾಧನ. ಅದನ್ನು ಎತ್ತರಿಸಿ, ಸುತ್ತ ಗಾಳಿಯಾಡುವಂತೆ ಇಟ್ಟರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಎಷ್ಟು ಗಾಳಿ ಸಾಕು?

ಪ್ಯಾಡಿನ ಡಬ್ಬಿಯ ಮೇಲೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎಂದು ದೊಡ್ಡ ಸಂಖ್ಯೆ ಅಚ್ಚಾಗಿರುತ್ತದೆ. ಶಾಲೆಯಲ್ಲಿ ಕಲಿತ ಲೆಕ್ಕದಿಂದಲೇ ಅದನ್ನು ತೂಗಿ ನೋಡಬಹುದು. ಒಂದು ಲೀಟರ್ ಗಾಳಿಯ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು ೧.೨ ಜೂಲ್ ಶಾಖ ಬೇಕು. ಗಾಳಿ ೧೫ ಡಿಗ್ರಿ ಬಿಸಿಯಾಗಿ ಹೊರಬರುತ್ತದೆಂದುಕೊಂಡರೆ ಪ್ರತಿ ಲೀಟರೂ ೧೮ ಜೂಲ್ ಹೊತ್ತೊಯ್ಯುತ್ತದೆ. ೪೫ ವಾಟ್ ಎಂದರೆ ಸೆಕೆಂಡಿಗೆ ೪೫ ಜೂಲ್. ಅದಕ್ಕೆ ಸೆಕೆಂಡಿಗೆ ಎರಡೂವರೆ ಲೀಟರ್ ಗಾಳಿ ಸಾಕು! ನಿಮಿಷಕ್ಕೆ ೬೦ ಘನ ಅಡಿ ಎಂಬ ಪ್ಯಾಡ್ ಸೆಕೆಂಡಿಗೆ ೨೮ ಲೀಟರ್ ನೂಕುತ್ತದೆ, ಅಂದರೆ ಅಗತ್ಯದ ಹತ್ತು ಪಟ್ಟಿಗೂ ಹೆಚ್ಚು.

ಆದರೂ ಲ್ಯಾಪ್‌ಟಾಪ್ ಏಕೆ ತಣಿಯುವುದಿಲ್ಲ? ಆ ಗಾಳಿಯ ಬಹುಪಾಲು ತಳಕ್ಕೆ ಬಡಿದು ಪಕ್ಕಕ್ಕೆ ಸೋರಿಹೋಗುತ್ತದೆ. ಇಕ್ಕಟ್ಟಾದ ಸೀಳುಗಳೊಳಗೆ ನುಗ್ಗುವುದು ಅಲ್ಪ. ಹೀಗಾಗಿಯೇ ಕೆಲವು ದುಬಾರಿ ಪ್ಯಾಡ್‌ಗಳಲ್ಲಿ ಸುತ್ತಲೂ ಸ್ಪಂಜಿನ ಅಂಚು ಕಟ್ಟಿ, ಗಾಳಿ ಸೋರದೆ ಒಳಗೇ ಹೋಗುವಂತೆ ಮಾಡಿರುತ್ತಾರೆ. ತಳದಿಂದ ಉಸಿರೆಳೆಯುವ, ಹೆಚ್ಚು ವಾಟ್‌ಗಳ ಲ್ಯಾಪ್‌ಟಾಪಿಗೆ ಇದು ನಿಜಕ್ಕೂ ಉಪಕಾರಿ. ಆದರೆ ಧೂಳನ್ನೂ ಅಷ್ಟೇ ಜೋರಾಗಿ ಒಳಗೆ ತುಂಬುತ್ತದೆ. ತೆಗೆದು ತೊಳೆಯಬಹುದಾದ ಧೂಳುಜಾಲರಿ ಇದೆಯೇ ಎಂದು ನೋಡಿಕೊಳ್ಳಬೇಕು.

ಸದ್ದಿನ ಕಡೆಗೂ ಗಮನವಿರಲಿ. ಅಷ್ಟೇ ಗಾಳಿಯನ್ನು ಸಣ್ಣ ಫ್ಯಾನು ಕಿರುಚುತ್ತ ಕೊಟ್ಟರೆ, ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಮೆಲ್ಲಗೆ ಕೊಡುತ್ತದೆ. ಯುಎಸ್‌ಬಿ ತಂತಿಯಿಂದ ನಡೆಯುವ ಪ್ಯಾಡ್ ಲ್ಯಾಪ್‌ಟಾಪಿನ ವಿದ್ಯುತ್ತನ್ನೇ ಕುಡಿಯುತ್ತದೆ: ಹಳೆಯ ಯುಎಸ್‌ಬಿ ೨.೦ ಕಿಂಡಿಯಿಂದಾದರೆ ೫ ವೋಲ್ಟ್, ಅರ್ಧ ಆಂಪಿಯರ್ ಲೆಕ್ಕದಲ್ಲಿ ಎರಡೂವರೆ ವಾಟ್‌ವರೆಗೆ. ಬಣ್ಣಬಣ್ಣದ ದೀಪಗಳಿಗೆ ಹೆಚ್ಚು ಹಣ ತೆರುವುದಂತೂ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಫ್ಯಾನಿಲ್ಲದೆ, ಕರಗುವ ವಸ್ತುವಿನಿಂದ ಶಾಖ ಹೀರುವ ಪ್ಯಾಡ್‌ಗಳೂ ಉಂಟು. ವಸ್ತು ಕರಗುವವರೆಗೆ ಮಾತ್ರ ಅವುಗಳ ಆಟ. ಶಾಖ ಸಂಗ್ರಹಕ್ಕೆ ಹೆಸರಾದ ಗ್ಲಾಬರ್ ಲವಣ ಕರಗುವುದು ಸುಮಾರು ೩೨ ಡಿಗ್ರಿಯಲ್ಲಿ. ರಾಯಚೂರಿನ ಬೇಸಿಗೆಯಲ್ಲಿ ಅಂಥದ್ದು ಲ್ಯಾಪ್‌ಟಾಪ್ ಇಡುವ ಮುಂಚೆಯೇ ಕರಗಿ ಕೂತಿರುತ್ತದೆ!

ಮೊದಲು ಖರ್ಚಿಲ್ಲದ ಪರೀಕ್ಷೆ

ಪ್ಯಾಡ್ ಬೇಕೋ ಬೇಡವೋ ಎಂದು ತಿಳಿಯಲು ಎರಡು ಬಾಟಲಿ ಮುಚ್ಚಳಗಳು ಸಾಕು. ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲಿಟ್ಟು ಅರ್ಧ ಗಂಟೆ ಎಂದಿನ ಕೆಲಸ ಮಾಡಿ, ಪ್ರೊಸೆಸರಿನ ತಾಪವನ್ನು ನೋಡಿಕೊಳ್ಳಬೇಕು. ಅದನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಆಮೇಲೆ ಹಿಂಬದಿಯ ಎರಡು ಮೂಲೆಗಳಿಗೆ ಮುಚ್ಚಳ ಕೊಟ್ಟು ಎತ್ತರಿಸಿ, ಅದೇ ಕೆಲಸವನ್ನು ಮತ್ತೆ ಮಾಡಬೇಕು. ತಾಪ ಕೆಲವು ಡಿಗ್ರಿ ಇಳಿದರೆ ತಳದ ಉಸಿರು ಕಟ್ಟಿತ್ತೆಂದು ಅರ್ಥ. ಅಷ್ಟಕ್ಕೇ ಸಮಸ್ಯೆ ತೀರಿದರೆ ಮುಚ್ಚಳವೋ ಒಂದು ಸಾದಾ ಸ್ಟ್ಯಾಂಡೋ ಸಾಕು. ಇಳಿದೂ ಸಾಲದೆನಿಸಿದರೆ ಒಳ್ಳೆಯ ಪ್ಯಾಡ್ ಕೊಳ್ಳಬಹುದು.

ಸ್ವಲ್ಪವೂ ಇಳಿಯದಿದ್ದರೆ ಒಳಗೆ ಧೂಳು ಗಂಟುಕಟ್ಟಿದೆಯೋ, ಪ್ರೊಸೆಸರಿಗೆ ಬಳಿದ ಶಾಖವಾಹಕ ಪೇಸ್ಟ್ ಒಣಗಿದೆಯೋ ಎಂದು ಅನುಮಾನಿಸಬೇಕು. ಅದಕ್ಕೆ ಬೇಕಾದದ್ದು ರಿಪೇರಿಯವರಿಂದ ಶುಚಿ ಮಾಡಿಸುವುದು. ಒದ್ದೆ ಬಟ್ಟೆ, ಮಂಜುಗಡ್ಡೆಗಳ ಪ್ರಯೋಗ ಸರ್ವಥಾ ಸಲ್ಲದು. ತಣ್ಣಗಾದ ಭಾಗದ ಮೇಲೆ ಗಾಳಿಯ ತೇವ ಹನಿಗಟ್ಟಿದರೆ ಯಂತ್ರವೇ ಹೋಗುತ್ತದೆ.

ಹಾಸಿಗೆ, ದಿಂಬು, ಕೌದಿಗಳ ಮೇಲೆ ಲ್ಯಾಪ್‌ಟಾಪ್ ಇಡುವುದೆಂದರೆ ಮೂಗು ಹಿಡಿದಂತೆಯೇ. ತೊಡೆಯೂ ಅದಕ್ಕೆ ತಕ್ಕ ಜಾಗವಲ್ಲ. ದಿನಾ ಗಂಟೆಗಟ್ಟಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆಡುತ್ತಿದ್ದ ೧೨ ವರ್ಷದ ಬಾಲಕನೊಬ್ಬನ ಚರ್ಮದ ಮೇಲೆ ಕಂದು ಬಲೆಯಂಥ ಕಲೆ ಮೂಡಿದ್ದನ್ನು ಸ್ವಿಟ್ಜರ್ಲೆಂಡಿನ ವೈದ್ಯರು ೨೦೧೦ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದ್ದರು. ಕಾಶ್ಮೀರದಲ್ಲಿ ಚಳಿಗೆ ನಿಲುವಂಗಿಯೊಳಗೆ ‘ಕಾಂಗ್ರಿ’ ಎಂಬ ಕೆಂಡದ ಮಡಕೆ ಇಟ್ಟುಕೊಳ್ಳುವವರಲ್ಲಿ ಕಾಣುವ ಕಲೆಯೂ ಇದೇ ಜಾತಿಯದು. ಸುಡುವಷ್ಟು ಬಿಸಿ ಬೇಕಿಲ್ಲ. ಹದವಾದ ಬಿಸಿ ದಿನವೂ ತಾಗಿದರೆ ಸಾಕು.

ಕೊನೆಗೊಂದು ಎಚ್ಚರಿಕೆ. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಅದು ಬ್ಯಾಟರಿ ಉಬ್ಬಿದ ಲಕ್ಷಣವಿರಬಹುದು. ಅದಕ್ಕೆ ಯಾವ ಪ್ಯಾಡೂ ಮದ್ದಲ್ಲ. ಕೂಡಲೇ ಆರಿಸಿ, ಚಾರ್ಜರ್ ಕಳಚಿ, ಚುಚ್ಚದೆ ಒತ್ತದೆ ತಿಳಿದವರ ಬಳಿ ಒಯ್ಯಬೇಕು. ಹೊಸ ಬ್ಯಾಟರಿಯ ಖರ್ಚು ನೋಡಿ ಅದನ್ನು ಮುಂದೂಡುವುದು ಮನೆಯೊಳಗೆ ಬೆಂಕಿಯ ಅಪಾಯವನ್ನು ಇಟ್ಟುಕೊಂಡಂತೆ.