ಮನೆತನದ ಮೊದಲನೆಯ ಪದವೀಧರ

ಮುಂಗಾರು ಕಾಲಿಡುವ ಹೊತ್ತಿಗೆ ನಮ್ಮ ನಾಡಿನ ಕಾಲೇಜುಗಳ ಬಾಗಿಲು ತೆರೆಯುವುದು ವರ್ಷವರ್ಷದ ಸಂಗತಿ. ಆ ದಿನಗಳಲ್ಲಿ ಅರ್ಜಿಗಳನ್ನು ಹಿಡಿದು ಬರುವ ತರುಣ ತರುಣಿಯರಲ್ಲಿ ಎರಡು ಬಗೆಯವರನ್ನು ಕಾಣಬಹುದು. ತಂದೆಯೋ ಅಣ್ಣನೋ ಈ ಹಾದಿಯನ್ನು ಮುಂಚೆಯೇ ನಡೆದಿರುವುದರಿಂದ, ಯಾವ ಗುಮಾಸ್ತರನ್ನು ಕಾಣಬೇಕು, ಯಾವ ವಿಷಯವನ್ನು ಆರಿಸಿಕೊಂಡರೆ ಮುಂದೆ ಯಾವ ಉದ್ಯೋಗಕ್ಕೆ ದಾರಿ, ಯಾವ ವಿದ್ಯಾರ್ಥಿವೇತನಕ್ಕೆ ಎಷ್ಟನೆಯ ತಾರೀಖಿನೊಳಗೆ ಅರ್ಜಿ ಹಾಕಬೇಕು ಎಂಬುದೆಲ್ಲವನ್ನೂ ಮನೆಯಲ್ಲಿಯೇ ತಿಳಿದು ಬಂದವರು ಒಂದು ಬಗೆ. ಮನೆತನದಲ್ಲಿ ಯಾರೂ ಕಾಲೇಜಿನ ಹೊಸ್ತಿಲನ್ನು ತುಳಿದಿಲ್ಲದ ಕಾರಣ, ಕೇಳಲು ಹಿರಿಯರಿಲ್ಲದೆ, ಗೋಡೆಗೆ ಅಂಟಿಸಿದ ಪ್ರಕಟನೆಯನ್ನು ಎರಡು ಮೂರು ಸಲ ಓದಿಯೂ ತಿಳಿಯದೆ ನಿಲ್ಲುವವರು ಇನ್ನೊಂದು ಬಗೆ. ನಾವು ಇಂದು ಬರೆಯಹೊರಟಿರುವುದು ಈ ಎರಡನೆಯವರನ್ನು ಕುರಿತು.

ಇವರ ಸಂಖ್ಯೆ ಅಲ್ಪವೆಂದು ಯಾರೂ ಭಾವಿಸಬಾರದು. ಕೇಂದ್ರ ಸರ್ಕಾರವು ನಡೆಸುವ ಉಚ್ಚಶಿಕ್ಷಣದ ಸಮೀಕ್ಷೆಯ ಮೇರೆಗೆ, 18ರಿಂದ 23 ವರ್ಷ ವಯಸ್ಸಿನ ಜನಸಂಖ್ಯೆಗೆ ಹೋಲಿಸಿದರೆ ಕಾಲೇಜುಗಳಲ್ಲಿ ದಾಖಲಾದವರ ಪ್ರಮಾಣವು 2021-22ರಲ್ಲಿ ಇಡೀ ದೇಶಕ್ಕೆ ನೂರಕ್ಕೆ 28.4ರಷ್ಟು ಇದ್ದಿತು. ಎಂದ ಮೇಲೆ, ಇನ್ನೂ ಕಾಲೇಜನ್ನು ಕಾಣದ ಮನೆಗಳೇ ನಮ್ಮಲ್ಲಿ ಹೆಚ್ಚು. ಆ ಮನೆಗಳಿಂದ ಮೊದಲನೆಯ ಹುಡುಗನೋ ಹುಡುಗಿಯೋ ಹೊರಡುವ ಕಾಲವು ಇನ್ನೂ ಬಹು ವರ್ಷ ನಡೆಯುವಂಥಾದ್ದು.

ಇತ್ತೀಚೆಗೆ ಈ ವಿಷಯದಲ್ಲಿ ಹೊಸದೊಂದು ಮಾತು ಕೇಳಿಬರುತ್ತಿದೆ. ಬರಿಯ ಅಂಕಗಳನ್ನು ನೋಡಿದರೆ ಸಾಲದು, ವಿದ್ಯಾರ್ಥಿಯ ನಾಯಕತ್ವವನ್ನೂ ಅವನು ಮಾಡಿದ ಸಮಾಜಸೇವೆಯನ್ನೂ ನೋಡಬೇಕು ಎಂಬುದೇ ಆ ಮಾತು. ಅಮೆರಿಕದ ಕಾಲೇಜುಗಳಲ್ಲಿ ಈ ಪದ್ಧತಿ ಬೇರೂರಿದೆ. ಅಲ್ಲಿನ ಅನೇಕ ಕಾಲೇಜುಗಳಿಗೆ ಒಂದೇ ಆಗಿ ಸಲ್ಲುವ ‘ಕಾಮನ್ ಅಪ್ಲಿಕೇಷನ್’ ಎಂಬ ಅರ್ಜಿಯಲ್ಲಿ, ಪಾಠದ ಹೊರಗೆ ತಾನು ಮಾಡಿದ ಹತ್ತು ಕೆಲಸಗಳವರೆಗೆ ವಿದ್ಯಾರ್ಥಿಯು ಪಟ್ಟಿ ಕೊಡಬಹುದು. 650 ಪದಗಳನ್ನು ಮೀರದ ಪ್ರಬಂಧವೊಂದನ್ನೂ ಬರೆಯಬೇಕಾಗುತ್ತದೆ. ನಮ್ಮ ದೇಶದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳೂ ಇದನ್ನೇ ಅನುಸರಿಸತೊಡಗಿವೆ. ಅದರ ಫಲವಾಗಿ ದೊಡ್ಡ ನಗರಗಳಲ್ಲಿ ಹಣ ತೆಗೆದುಕೊಂಡು ಅನುಕೂಲಸ್ಥರ ಮಕ್ಕಳಿಗೆ ಸೇವಾಕಾರ್ಯವನ್ನು ಒದಗಿಸಿಕೊಡುವವರು ಹುಟ್ಟಿಕೊಂಡಿದ್ದಾರೆ. ಬೇಸಗೆಯ ರಜೆಯಲ್ಲಿ ಎರಡು ವಾರ ಹಳ್ಳಿಯೊಂದಕ್ಕೆ ಹೋಗಿ ಮಕ್ಕಳಿಗೆ ಅಕ್ಷರ ಕಲಿಸಿ, ಭಾವಚಿತ್ರ ತೆಗೆಸಿಕೊಂಡು, ಪ್ರಮಾಣಪತ್ರದೊಡನೆ ಮರಳುವುದು ಈಗ ಒಂದು ಪರಿಪಾಠವಾಗುತ್ತಿದೆ. ಆ ಹಳ್ಳಿಯಲ್ಲಿಯೇ ಹುಟ್ಟಿ, ತಮ್ಮ ತಂಗಿಯರಿಗೆ ದಿನವೂ ಪಾಠ ಹೇಳಿಕೊಡುವ ಹುಡುಗಿಯ ಕೈಯಲ್ಲಿ ಮಾತ್ರ ಯಾವ ಪತ್ರವೂ ಇಲ್ಲ.

ಸೇವೆಯನ್ನು ಗಣನೆಗೆ ತಂದುಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಮನೆತನದ ಮೊದಲನೆಯ ವಿದ್ಯಾರ್ಥಿಗೆ ಅದು ಹೊಸದೂ ಅಲ್ಲ, ಪರದೇಶದಿಂದ ತರಿಸಿದ್ದೂ ಅಲ್ಲ. ನಮ್ಮ ನಾಡಿನಲ್ಲಿ ಅಂಥವರು ಕಾಲೇಜನ್ನು ತಲುಪಿದ್ದೇ ಬಹುಮಟ್ಟಿಗೆ ಆ ದಾರಿಯಿಂದ. ಆ ದಾರಿಯು ಹೇಗಿದ್ದಿತೆಂಬುದನ್ನು ಬಲ್ಲವರು ಮಾತ್ರ ಸೇವೆಗೆ ಬೆಲೆ ಕಟ್ಟಲು ಅರ್ಹರು. ಇದಕ್ಕೆ ನಾವು ಒಬ್ಬರ ಜೀವನವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಹೊಸೂರು ಎಂಬುದು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಡಾಕ್ಟರ್ ಹೆಚ್. ನರಸಿಂಹಯ್ಯನವರು ಅಲ್ಲಿ 1920ನೆಯ ಇಸವಿ ಜೂನ್ 6ರಂದು ಹುಟ್ಟಿದರು. ಕುಟುಂಬವು ಕಡುಬಡತನದ್ದು, ಹಿಂದುಳಿದ ವರ್ಗದ್ದು. ಊರಿನ ಶಾಲೆಯ ಓದು ಮುಗಿದ ಮೇಲೆ ಮುಂದೆ ಕಲಿಯಲು ಹತ್ತಿರದಲ್ಲಿ ಅನುಕೂಲವಿಲ್ಲದೆ ಹುಡುಗನು ಮನೆಯಲ್ಲಿ ಉಳಿಯಬೇಕಾಯಿತು. ಅಷ್ಟರಲ್ಲಿ, ಅವರಿಗೆ ಹಿಂದೆ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯ ಎಂ. ಎಸ್. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಅವರು ಈ ಹುಡುಗನನ್ನು ಮರೆಯಲಿಲ್ಲ, ಬರುವಂತೆ ಕರೆದರು. ಬಸ್ಸಿನ ಚಾರ್ಜಿಗೆ ಹಣವಿಲ್ಲ. 1935ರಲ್ಲಿ ಆ ಬಾಲಕನು ಸುಮಾರು 85 ಕಿಲೋಮೀಟರು, ಎಂದರೆ ಐವತ್ತು ಮೈಲಿಗೂ ಮಿಕ್ಕ ದಾರಿಯನ್ನು ಎರಡು ದಿನ ನಡೆದು ಬಸವನಗುಡಿಯನ್ನು ಮುಟ್ಟಿದನು.

ಈ ನಡಿಗೆಯ ಕಥೆಯನ್ನು ಸಭೆಗಳಲ್ಲಿ ಬಹಳ ಜನ ಹೇಳುತ್ತಾರೆ, ಕೇಳಿದವರು ತಲೆದೂಗುತ್ತಾರೆ. ಆದರೆ ಕಾಲಿನ ಬಲಕ್ಕಿಂತ ಮಿಗಿಲಾಗಿ ನಾವು ಗಮನಿಸಬೇಕಾದ್ದು ದಾರಿಯ ಎರಡು ಕೊನೆಗಳನ್ನು. ಒಂದು ಕೊನೆಯಲ್ಲಿ ಹುಡುಗನನ್ನು ಬಲ್ಲ ಉಪಾಧ್ಯಾಯರೊಬ್ಬರ ಕರೆ ಇದ್ದಿತು. ಇನ್ನೊಂದು ಕೊನೆಯಲ್ಲಿ, 1917ರಲ್ಲಿ ರಾಷ್ಟ್ರೀಯ ಶಿಕ್ಷಣದ ಹುರುಪಿನಿಂದ ಹುಟ್ಟಿದ ಒಂದು ಶಾಲೆಯೂ, ಬಡ ಹುಡುಗರಿಗೆ ಅನ್ನವಿಕ್ಕುವ ವಿದ್ಯಾರ್ಥಿನಿಲಯವೂ ಇದ್ದವು. ಇವೆರಡೂ ಇಲ್ಲದಿದ್ದಲ್ಲಿ ನೂರು ಮೈಲಿ ನಡೆದರೂ ಫಲವಿರುತ್ತಿರಲಿಲ್ಲ.

ಆ ಶಾಲೆಯು ಅವರಿಗೆ ಬರಿಯ ಪಾಠವನ್ನು ಹೇಳಲಿಲ್ಲ, ಹೊಣೆಯನ್ನೂ ಕೊಟ್ಟಿತು. 1936ರಲ್ಲಿ ಮಹಾತ್ಮಾ ಗಾಂಧಿಯವರು ಬೆಂಗಳೂರಿನಲ್ಲಿದ್ದಾಗ ಶಾಲೆಗೆ ದಯಮಾಡಿಸಿದರು. ಅವರ ಹಿಂದೀ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸವು ಹಳ್ಳಿಯಿಂದ ಬಂದು ಹೆಚ್ಚು ಕಾಲವಾಗದ ಈ ವಿದ್ಯಾರ್ಥಿಯ ಪಾಲಿಗೆ ಬಂದಿತು. ನಗರದ ಗಣ್ಯರ ಮಕ್ಕಳಿಗೆ ಆ ಗೌರವವನ್ನು ಕೊಡಲಿಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ನಾಯಕತ್ವವೆಂಬುದು ಹುಟ್ಟಿನಿಂದ ಬರುವ ಗುಣವೆಂದು ನಾವು ತಿಳಿಯುತ್ತೇವೆ. ಅದು ಬಹುಮಟ್ಟಿಗೆ, ಹಿರಿಯರು ನಂಬಿ ಕೊಟ್ಟ ಕೆಲಸದಿಂದ ಬೆಳೆಯುವಂಥಾದ್ದು.

ಮುಂದೆ ಅವರು ಸೆಂಟ್ರಲ್ ಕಾಲೇಜನ್ನು ಸೇರಿ ಭೌತಶಾಸ್ತ್ರವನ್ನು ತೆಗೆದುಕೊಂಡರು. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಎದ್ದಾಗ ಆನರ್ಸ್ ವ್ಯಾಸಂಗವನ್ನು ಬಿಟ್ಟು ಸೆರೆಮನೆಗೆ ಹೋದರು. ಒಂದೊಂದು ಕಾಸನ್ನೂ ಎಣಿಸಿ ಓದುತ್ತಿದ್ದ ಬಡವಿದ್ಯಾರ್ಥಿಗೆ ಕಳೆದುಹೋದ ಕಾಲದ ಬೆಲೆ ಎಷ್ಟೆಂಬುದನ್ನು ಅನುಕೂಲಸ್ಥರು ಸುಲಭವಾಗಿ ಊಹಿಸಲಾರರು. ಆ ಮೇಲೆ ಓದನ್ನು ಮತ್ತೆ ಕೈಗೆತ್ತಿಕೊಂಡು ಮುಗಿಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿಯೇ ಅಧ್ಯಾಪಕರಾದರು, 1960ರಲ್ಲಿ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಿಂದ ಪರಮಾಣು ಬೀಜವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಪ್ರಾಂಶುಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಇಷ್ಟೆಲ್ಲ ಆದ ಮೇಲೂ ಅವರ ವಾಸವು ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ, ಉಡುಪು ಖಾದಿಯೇ. ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳು ಏಳುವುದಕ್ಕೆ ಅವರು ಶ್ರಮಿಸಿದರು. ತಾವು ನಡೆದುಬಂದ ದಾರಿಯನ್ನು ಹಿಂದೆ ಬರುವ ಹುಡುಗರಿಗೆ ಗಿಡ್ಡಮಾಡಿಕೊಟ್ಟರು ಎನ್ನಬೇಕು. 2005ನೆಯ ಇಸವಿ ಜನವರಿ 31ರಂದು ಅವರು ತೀರಿಕೊಂಡರು.

ಇಂಥ ಜೀವನವನ್ನು ಹತ್ತು ಸಾಲುಗಳ ಪಟ್ಟಿಯಲ್ಲಿ ಬರೆಯಲು ಹೊರಟರೆ ಏನು ಬರೆಯುವುದು? 1935ರ ಆ ಹುಡುಗನಿಗೆ ತೋರಿಸಲು ಯಾವ ಸೇವಾಪತ್ರವೂ ಇರಲಿಲ್ಲ. ಅವನನ್ನು ಬಲ್ಲವರೊಬ್ಬರು ಇದ್ದರು, ಅಷ್ಟೆ.

ನಮ್ಮ ಬೆಳಗಾವಿಗೆ ನೆರೆಯದಾದ ಕೊಲ್ಲಾಪುರ ಸಾತಾರಾ ಪ್ರಾಂತದಲ್ಲಿ ಇದೇ ಕೆಲಸವು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೊಲ್ಲಾಪುರದ ಶಾಹೂ ಮಹಾರಾಜರು 1901ರಿಂದ ಮೊದಲ್ಗೊಂಡು ಬೇರೆ ಬೇರೆ ಸಮಾಜಗಳ ಹುಡುಗರಿಗೆ ವಿದ್ಯಾರ್ಥಿನಿಲಯಗಳನ್ನು ತೆರೆಯಿಸಿದರು. ಅಂಥ ಒಂದು ಬೋರ್ಡಿಂಗಿನಲ್ಲಿ ಇದ್ದು ಓದಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಸೂರಿನ ಕೆಳಗೆ ಉಂಡು ಮಲಗುವ ವಸತಿಯನ್ನು ನಡೆಸಿದರು. ಮಕ್ಕಳ ಊಟಕ್ಕೆ ದವಸವಿಲ್ಲದಾದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ, ಕೊಟ್ಟ ಸಂಗತಿಯು ಪ್ರಸಿದ್ಧವಾಗಿದೆ. ಅಲ್ಲಿನ ಹುಡುಗರು ದುಡಿದು ಕಲಿತರು. 1947ರಲ್ಲಿ ಸಾತಾರೆಯಲ್ಲಿ ಸಂಸ್ಥೆಯು ಕಾಲೇಜನ್ನು ತೆರೆದಾಗ ಈ ದುಡಿದು ಕಲಿಯುವ ಪದ್ಧತಿಯು ಅಲ್ಲಿಗೂ ನಡೆಯಿತು. ಆ ದುಡಿಮೆಯನ್ನು ಯಾರೂ ದಾನವೆನ್ನಲಿಲ್ಲ. ಪರೋಪಕಾರವೆಂದು ಪ್ರಮಾಣಪತ್ರವನ್ನೂ ಬರೆದುಕೊಡಲಿಲ್ಲ. ತನ್ನ ಅನ್ನಕ್ಕೂ ಪಕ್ಕದವನ ಅನ್ನಕ್ಕೂ ತಾನು ಹೊಣೆಯೆಂಬುದು ಅಲ್ಲಿನ ನಿತ್ಯದ ಪಾಠವಾಗಿದ್ದಿತು.

ಬೆಳಗಾವಿಯಲ್ಲಿಯೇ 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟಿಸಿದುದನ್ನು ಇಲ್ಲಿ ಜ್ಞಾಪಿಸಿದರೆ ಸಾಕು. ಓದಿದವನು ಓದಿಸಬೇಕೆಂಬ ಋಣದ ಭಾವನೆ ಆ ಕಾಲದಲ್ಲಿ ಗಾಳಿಯಲ್ಲಿಯೇ ಇದ್ದಂತೆ ತೋರುತ್ತದೆ.

ಈಗಿನ ಕಾಲದ ವ್ಯವಸ್ಥೆಗೆ ಬರೋಣ. ಗಾಂಧೀ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯು ಮೊದಲಾಯಿತು. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸಮಾಡಬೇಕು, ಏಳು ದಿನಗಳ ಶಿಬಿರವೊಂದಕ್ಕೆ ಹೋಗಬೇಕು. ಯೋಜನೆಯು ಒಳ್ಳೆಯದೇ, ಅದರಿಂದ ಹಳ್ಳಿಗಳಲ್ಲಿ ಆದ ಕೆಲಸವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ 120 ಗಂಟೆಗಳು ಯಾರ ಕೈಗೆ ಎಟಕುತ್ತವೆಂಬುದನ್ನು ಅಧಿಕಾರಿಗಳು ಒಮ್ಮೆ ಯೋಚಿಸಬೇಕು. ಕಾಲೇಜಿನಿಂದ ಇಪ್ಪತ್ತು ಮೈಲಿ ದೂರದ ಊರಿಗೆ ಸಾಯಂಕಾಲ ಒಂದೇ ಬಸ್ಸು ಇರುವ ವಿದ್ಯಾರ್ಥಿಯು ಪಾಠ ಮುಗಿದ ಮೇಲೆ ನಿಲ್ಲಲಾರ. ಭಾನುವಾರ ಕೂಲಿಗೆ ಹೋಗುವವನು ಶ್ರಮದಾನಕ್ಕೆ ಬರಲಾರ; ಅವನಿಗೆ ಮನೆಯಲ್ಲಿಯೇ ಬೇಕಾದಷ್ಟು ಶ್ರಮವಿದೆ, ದಾನವು ಮಾತ್ರ ಯಾರದೋ. ಹುಡುಗಿಯರನ್ನಂತೂ ಏಳು ದಿನ ಹೊರಗೆ ಕಳುಹಿಸಲು ಎಷ್ಟೋ ತಾಯಿತಂದೆಗಳು ಒಪ್ಪುವುದಿಲ್ಲ. ಹೀಗಾಗಿ ಸೇವೆಯ ಪ್ರಮಾಣಪತ್ರವು ಬಿಡುವಿದ್ದವರ ಕೈಗೆ ಸುಲಭವಾಗಿ ಸೇರುತ್ತದೆ.

ಇನ್ನು ಲೆಕ್ಕಕ್ಕೆ ಬಾರದ ಸೇವೆಯನ್ನು ನೋಡಿರಿ. ಊರಿನಲ್ಲಿ ಓದುಬಲ್ಲ ಒಬ್ಬಳೇ ಹುಡುಗಿಯು ನೆರೆಹೊರೆಯವರಿಗೆ ಬ್ಯಾಂಕಿನ ಚೀಟಿ ತುಂಬಿಕೊಡುತ್ತಾಳೆ. ಮುದುಕಿಯರ ಪಿಂಚಣಿಯ ಅರ್ಜಿ ಬರೆದುಕೊಡುತ್ತಾಳೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದರೆ ಅವರೊಡನೆ ತಾಲ್ಲೂಕು ಕಛೇರಿಗೆ ನಡೆಯುತ್ತಾಳೆ. ಸ್ತ್ರೀಶಕ್ತಿ ಸಂಘದಲ್ಲಿ ತಾಯಿ ಸದಸ್ಯೆಯಾಗಿದ್ದರೆ ಉಳಿತಾಯದ ಪುಸ್ತಕವನ್ನು ಬರೆದಿಡುವವಳು ಮಗಳೇ. ಹದಿನೇಳು ವರ್ಷದ ಹುಡುಗಿಯೊಬ್ಬಳು ಹದಿನೈದು ಇಪ್ಪತ್ತು ಹೆಂಗಸರ ಹಣದ ಲೆಕ್ಕವನ್ನು ತಪ್ಪಿಲ್ಲದೆ ಇಟ್ಟಿದ್ದಾಳೆಂದರೆ, ಅದಕ್ಕಿಂತ ನಂಬಿಕೆಯ ಹುದ್ದೆ ಯಾವುದು? ಆದರೆ ಅರ್ಜಿಯಲ್ಲಿ ‘ಸಮಾಜಸೇವೆ’ ಎಂಬ ಅಂಕಣಕ್ಕೆ ಬಂದಾಗ ಅವಳು ‘ಇಲ್ಲ’ ಎಂದು ಬರೆಯುತ್ತಾಳೆ. ತಾನು ಮಾಡಿದುದಕ್ಕೆ ಆ ಹೆಸರಿದೆಯೆಂದು ಅವಳಿಗೆ ಹೇಳಿದವರಿಲ್ಲ. ನಾವು ಮೇಲೆ ಹೇಳಿದ ಅಮೆರಿಕದ ಅರ್ಜಿಯಲ್ಲಿ ಕೂಡ ‘ಕುಟುಂಬದ ಹೊಣೆಗಾರಿಕೆ’ ಎಂದೂ ‘ಸಂಬಳದ ಕೆಲಸ’ ಎಂದೂ ಬೇರೆ ವಿಭಾಗಗಳಿವೆ. ಪರದೇಶವನ್ನು ಅನುಕರಿಸುವವರು ಈ ಭಾಗವನ್ನು ಬಿಟ್ಟು ಉಳಿದುದನ್ನು ಅನುಕರಿಸುವುದು ವಿಚಿತ್ರ.

ಇದಕ್ಕೆ ಒಂದು ಆಕ್ಷೇಪವಿದೆ. ಅದು ಹುರುಳಿಲ್ಲದ ಆಕ್ಷೇಪವೂ ಅಲ್ಲ. ಅಂಕಗಳು ಯಾರ ಮುಖವನ್ನೂ ನೋಡುವುದಿಲ್ಲ. ಸೇವೆ, ನಾಯಕತ್ವ ಎಂದು ಮೊದಲಾದರೆ ಶಿಫಾರಸು ನುಗ್ಗುತ್ತದೆ, ಪ್ರಭಾವಿಗಳ ಮಕ್ಕಳೇ ನಾಯಕರಾಗುತ್ತಾರೆ ಎಂದು ಅನುಭವಸ್ಥರಾದ ಅಧಿಕಾರಿಗಳು ಹೇಳುತ್ತಾರೆ. ಶಿಫಾರಸಿನ ಪತ್ರಗಳು ನಮ್ಮ ಕಛೇರಿಗಳಲ್ಲಿ ಹೇಗೆ ಓಡಾಡುತ್ತವೆಂಬುದನ್ನು ಬಲ್ಲವರು ಈ ಮಾತನ್ನು ತಳ್ಳಿಹಾಕಲಾರರು. ಆದುದರಿಂದ ಕಾಲೇಜಿನ ಪ್ರವೇಶವನ್ನೇ ಇದರ ಮೇಲೆ ನಿಲ್ಲಿಸಬೇಕೆಂದು ನಾವು ಸೂಚಿಸುವುದಿಲ್ಲ. ಪ್ರವೇಶವು ಅಂಕಗಳ ಮೇಲೆಯೂ ಮೀಸಲಾತಿಯ ನಿಯಮಗಳ ಮೇಲೆಯೂ ನಡೆಯಲಿ. ನಾವು ಕೇಳುವುದು ಪ್ರವೇಶವಾದ ಮೇಲಿನ ಮಾತು: ಖಾಸಗಿ ಧರ್ಮಸಂಸ್ಥೆಗಳು ಕೊಡುವ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯದಲ್ಲಿ ಸಮಾನ ಅರ್ಹತೆಯ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಸಂದರ್ಭ, ಕಾಲೇಜಿನೊಳಗೆ ಹೊಣೆಯ ಕೆಲಸಗಳನ್ನು ಹಂಚುವ ರೀತಿ. ಇಲ್ಲಿ ಮೊದಲನೆಯ ವಿದ್ಯಾರ್ಥಿಗೆ ನ್ಯಾಯ ದೊರಕಿಸುವುದು ಯಾವ ಶಾಸನದ ತಿದ್ದುಪಡಿಯೂ ಇಲ್ಲದೆ ಆಗುವ ಕೆಲಸ.

ವಿದ್ಯಾರ್ಥಿನಿಲಯಗಳ ಮಾತನ್ನು ಬಿಡಿಸಿ ಹೇಳಬೇಕು. ಸರ್ಕಾರದ ನಿಲಯಗಳೂ ಮಠಗಳ ನಿಲಯಗಳೂ ಇಂದು ಲಕ್ಷಗಟ್ಟಲೆ ಬಡಮಕ್ಕಳ ಆಶ್ರಯವಾಗಿವೆ. ಅವು ಇಲ್ಲದೆ ಈ ಲೇಖನದ ವಿಷಯವೇ ಇರುತ್ತಿರಲಿಲ್ಲ. ಆದರೆ ಎಷ್ಟೋ ನಿಲಯಗಳಲ್ಲಿ ವಿದ್ಯಾರ್ಥಿಯು ಉಣ್ಣುವವನು ಮಾತ್ರ. ಬೇಳೆ ಎಷ್ಟು ಬಂತು, ಎಷ್ಟು ಬೆಂದಿತು ಎಂಬುದು ಮೇಲ್ವಿಚಾರಕರಿಗೂ ಅಡಿಗೆಯವರಿಗೂ ಬಿಟ್ಟದ್ದು. ಸಾರು ತೆಳುವಾದ ದಿನ ಹುಡುಗರು ಗೊಣಗುತ್ತಾರೆ, ವರ್ಷಕ್ಕೊಮ್ಮೆ ಮುಷ್ಕರ ಹೂಡುತ್ತಾರೆ. ಅದೇ ಹುಡುಗರಲ್ಲಿ ನಾಲ್ವರನ್ನು ತಿಂಗಳಿಗೊಮ್ಮೆ ಸರದಿಯಂತೆ ಆರಿಸಿ, ಸಂತೆಗೆ ಕಳುಹಿಸಿ, ದಿನಚರಿಯ ಲೆಕ್ಕವನ್ನು ಅವರ ಕೈಯಲ್ಲಿಯೇ ಬರೆಯಿಸಿ, ತಿಂಗಳ ಕೊನೆಗೆ ಎಲ್ಲರ ಮುಂದೆ ಓದಿಸಿದರೆ, ಸಾರೂ ಗಟ್ಟಿಯಾದೀತು, ಹುಡುಗರೂ ಗಟ್ಟಿಯಾದಾರು. ವೇದಿಕೆಯ ಮೇಲೆ ನಿಂತು ಮಾತನಾಡುವವನೇ ನಾಯಕನೆಂಬ ಭ್ರಮೆಯು ಪಟ್ಟಣಿಗರಾದ ನಮ್ಮಲ್ಲಿ ಬಹಳವಾಗಿದೆ. ಐವತ್ತು ಮಂದಿಯ ಕಾಯಿಪಲ್ಲೆಗೆ ಚೌಕಾಸಿ ಮಾಡಿ, ಉಳಿದ ಹತ್ತು ರೂಪಾಯಿಯನ್ನು ತಂದೊಪ್ಪಿಸಿದವನನ್ನು ಯಾರೂ ಹಾಗೆ ಕರೆಯುವುದಿಲ್ಲ.

ಎರಡನೆಯದಾಗಿ, ನಾರಾಯಣರಾಯರು ಮಾಡಿದ ಕೆಲಸವನ್ನು ಇಂದು ಯಾರು ಮಾಡಬೇಕು? ಹಳ್ಳಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ ಯಾವ ಹುಡುಗಿಯು ಏನು ಹೊತ್ತಿದ್ದಾಳೆ, ಯಾವ ಹುಡುಗನು ಯಾರಿಗೆ ಆಧಾರವಾಗಿದ್ದಾನೆ ಎಂಬುದು ಗೊತ್ತಿರುತ್ತದೆ. ಆದರೆ ಅವರನ್ನು ಯಾವ ಕಾಲೇಜೂ ಕೇಳುವುದಿಲ್ಲ. ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳು ಅಚ್ಚುಹಾಕಿದ ಪ್ರಮಾಣಪತ್ರಗಳನ್ನು ಕೇಳುವುದನ್ನು ಬಿಟ್ಟು, ಇಂಥ ಉಪಾಧ್ಯಾಯರಿಂದ ಒಂದು ಪುಟದ ಪತ್ರವನ್ನು ತರಿಸಲಿ. ಈ ವಿದ್ಯಾರ್ಥಿಯ ಮನೆಯಲ್ಲಿ ಇದಕ್ಕೆ ಮೊದಲು ಯಾರಾದರೂ ಕಾಲೇಜಿಗೆ ಹೋಗಿದ್ದಾರೆಯೆ, ಇವನು ಮನೆಗೂ ಊರಿಗೂ ಏನು ಮಾಡುತ್ತಾನೆ, ತಾವು ಅದನ್ನು ಕಣ್ಣಾರೆ ಕಂಡಿರುವಿರಾ ಎಂಬ ಮೂರು ಪ್ರಶ್ನೆಗಳು ಸಾಕು. ಬರೆದವರ ಹೆಸರೂ ರುಜುವೂ ಪತ್ರದ ಕೆಳಗೆ ಇರಲಿ. ಸುಳ್ಳು ಬರೆದರೆ ಊರಿನವರಿಗೆ ತಿಳಿಯುವಂತೆ ಅದನ್ನು ಶಾಲೆಯ ಫಲಕದ ಮೇಲೆಯೂ ಹಾಕಲಿ. ಪಿ.ಯು.ಸಿ. ಫಲಿತಾಂಶವು ಬರುವ ಮುಂಚೆಯೇ, ಬೇಸಗೆಯಲ್ಲಿ, ಈ ಪತ್ರಗಳು ಸಂಸ್ಥೆಗಳ ಕೈಸೇರಿದರೆ, ಅರ್ಜಿಯ ಕೊನೆಯ ತಾರೀಖು ಕಳೆದ ಮೇಲೆ ಕಛೇರಿಯ ಬಾಗಿಲಿಗೆ ಬಂದು ಹಿಂತಿರುಗುವವರಲ್ಲಿ ಕೆಲವರನ್ನಾದರೂ ಮುಂಚಿತವಾಗಿ ಕರೆಯಲು ಅವಕಾಶವಿರುತ್ತದೆ.