ಡಿಡಿಆರ್-5 ಮೆಮೊರಿ: ವರ್ತಕರ ಗಣಕಯಂತ್ರಕ್ಕೆ ಅದರ ಅಗತ್ಯವಿದೆಯೇ?

ಹತ್ತಿ ಹಾಗೂ ಭತ್ತದ ಹಂಗಾಮು ಆರಂಭವಾದೊಡನೆ ರಾಯಚೂರಿನ ಅಡತಿ ಅಂಗಡಿಗಳಲ್ಲಿಯೂ ದೇವದುರ್ಗ, ಮಾನ್ವಿಗಳ ಖರೀದಿ ಮಳಿಗೆ ಮತ್ತು ಗಿರಣಿಗಳಲ್ಲಿಯೂ ಗಣಕಯಂತ್ರಗಳಿಗೆ ಬಿಡುವಿರುವುದಿಲ್ಲ. ಚೀಕಲಪರ್ವಿ ಮುಂತಾದ ತುಂಗಭದ್ರಾ ತೀರದ ಗ್ರಾಮಗಳಿಂದ ಭತ್ತ ಹೇರಿಕೊಂಡು ಬಂದ ಟ್ರ್ಯಾಕ್ಟರುಗಳು ವೇಬ್ರಿಡ್ಜ್ ಮುಂದೆ ಸಾಲುಗಟ್ಟಿ ನಿಂತಿರುವಾಗ, ಒಳಗೆ ಗುಮಾಸ್ತನು ಬಿಲ್ಲು ತೆರೆದುಕೊಳ್ಳಲೆಂದು ಪರದೆಯನ್ನೇ ನೋಡುತ್ತ ಕುಳಿತಿರುವ ದೃಶ್ಯ ಅಪರೂಪವೇನಲ್ಲ. ಇಂತಹ ಸಮಯದಲ್ಲಿ ಮಾರಾಟಗಾರರಿಂದ ಸಾಮಾನ್ಯವಾಗಿ ಬರುವ ಸಲಹೆ, ‘ಹಳೆಯ ಮೆಮೊರಿ ತೆಗೆದು ಡಿಡಿಆರ್-5ಕ್ಕೆ ಬದಲಾಯಿಸಿ’ ಎಂಬುದು. ಖರೀದಿಗೆ ಬೇಕಾದ ದುಡಿಯುವ ಬಂಡವಾಳದಿಂದಲೇ ಈ ಹಣವನ್ನು ತೆಗೆಯಬೇಕಾದುದರಿಂದ, ಸಲಹೆಯನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯ.

ಡಿಡಿಆರ್-4 ಮೆಮೊರಿಯ ಮಾನಕವು 2012ರಲ್ಲಿಯೂ ಡಿಡಿಆರ್-5ರ ಮಾನಕವು 2020ರ ಜುಲೈನಲ್ಲಿಯೂ ಪ್ರಕಟವಾದವು. ಎರಡರ ಪಟ್ಟಿಗಳಲ್ಲಿಯೂ 288 ಸಂಪರ್ಕ ಬಿಂದುಗಳಿವೆ, ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುವುದರಿಂದ ಒಂದು ಇನ್ನೊಂದರ ಜಾಗದಲ್ಲಿ ಕೂಡುವುದಿಲ್ಲ. ಆದಕಾರಣ ‘ಮೆಮೊರಿ ಬದಲಾಯಿಸುವುದು’ ಎಂದರೆ ವಾಸ್ತವದಲ್ಲಿ ಮದರ್‌ಬೋರ್ಡನ್ನು, ಬಹುಪಾಲು ಸಂದರ್ಭಗಳಲ್ಲಿ ಪ್ರೊಸೆಸರನ್ನೂ ಬದಲಾಯಿಸುವುದೆಂದೇ ಅರ್ಥ. ಈ ಮಾತನ್ನು ಕೊಟೇಶನ್ನಿನ ಮೊದಲ ಸಾಲಿನಲ್ಲಿ ಹೇಳುವ ಮಾರಾಟಗಾರರು ಕಡಿಮೆ.

ಹೊಸ ಪೀಳಿಗೆಯ ಗುಣಗಳು ಸುಳ್ಳಲ್ಲ. 3200 ವೇಗದ ಒಂದು ಡಿಡಿಆರ್-4 ಪಟ್ಟಿಯು ಸೆಕೆಂಡಿಗೆ ಗರಿಷ್ಠ 25.6 ಜಿಬಿ ಮಾಹಿತಿಯನ್ನು ಸಾಗಿಸಬಲ್ಲುದಾದರೆ, 4800 ವೇಗದ ಡಿಡಿಆರ್-5 ಪಟ್ಟಿಯು 38.4 ಜಿಬಿ ಸಾಗಿಸುತ್ತದೆ. ವಿದ್ಯುತ್ತಿನ ಒತ್ತಡವೂ 1.2 ವೋಲ್ಟಿನಿಂದ 1.1 ವೋಲ್ಟಿಗೆ ಇಳಿದಿದೆ. ಆದರೆ ಕೇಳಿದ ಮಾಹಿತಿಯ ಮೊದಲ ತುಣುಕು ಕೈಗೆ ಬರಲು ಹಿಡಿಯುವ ಕಾಲ ಕಡಿಮೆಯಾಗಿಲ್ಲ. ಸಾಮಾನ್ಯ ದರ್ಜೆಯ ಡಿಡಿಆರ್-4 ಪಟ್ಟಿಯಲ್ಲಿ ಅದು ಸುಮಾರು 14 ನ್ಯಾನೋಸೆಕೆಂಡು. ಸಾಮಾನ್ಯ ದರ್ಜೆಯ ಡಿಡಿಆರ್-5ರಲ್ಲಿ ಸುಮಾರು 16. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲುವೆಯನ್ನು ಅಗಲಗೊಳಿಸಿದರೆ ಒಮ್ಮೆಗೆ ಹರಿಯುವ ನೀರು ಹೆಚ್ಚಾದೀತು. ಆದರೆ ಮೇಲೆ ಗೇಟು ಎತ್ತಿದ ಮೇಲೆ ಮೊದಲ ನೀರಿಗಾಗಿ ಕಾಯುವುದು ತಪ್ಪುವುದಿಲ್ಲ.

ಚಲನಚಿತ್ರ ಸಂಕಲನ, ಭಾರಿ ವಿನ್ಯಾಸ ತಂತ್ರಾಂಶ ಮುಂತಾದ ಕೆಲಸಗಳಿಗೆ ಈ ಅಗಲ ಬೇಕು. ಲೆಕ್ಕಪತ್ರದ ಕೆಲಸದ ಸ್ವರೂಪ ಬೇರೆ. ಟ್ಯಾಲಿಯಂತಹ ತಂತ್ರಾಂಶದಲ್ಲಿ ವರ್ಷದ ಖಾತೆಯನ್ನು ತೆರೆದಾಗ ಯಂತ್ರವು ಡಿಸ್ಕಿನಿಂದ ಸಣ್ಣ ಸಣ್ಣ ತುಣುಕುಗಳನ್ನು ಓದಿ ತರುತ್ತದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ತುಣುಕನ್ನು ಹುಡುಕಲು ಸುಮಾರು 10 ಮಿಲಿಸೆಕೆಂಡು ಬೇಕು. ನ್ಯಾನೋಸೆಕೆಂಡುಗಳಲ್ಲಿ ಕೆಲಸ ಮಾಡುವ ಮೆಮೊರಿಗೆ ಹೋಲಿಸಿದರೆ ಇದು ಲಕ್ಷಾಂತರ ಪಟ್ಟು ನಿಧಾನ. ಅಂತಹ ಡಿಸ್ಕನ್ನು ಉಳಿಸಿಕೊಂಡು ಮೆಮೊರಿಯ ಪೀಳಿಗೆಯನ್ನು ಮಾತ್ರ ಬದಲಾಯಿಸಿದರೆ ಗುಮಾಸ್ತನ ಕಾಯುವಿಕೆ ಹಾಗೆಯೇ ಉಳಿಯುತ್ತದೆ. ಅದರ ಬದಲು ಒಂದು ಎಸ್‌ಎಸ್‌ಡಿ ಹಾಕಿಸಿದಲ್ಲಿ ವ್ಯತ್ಯಾಸವು ಅದೇ ದಿನ ಕಣ್ಣಿಗೆ ಕಾಣುತ್ತದೆ. ನಾಲ್ಕೈದು ಯಂತ್ರಗಳು ಒಂದೇ ದತ್ತಾಂಶವನ್ನು ಹಂಚಿಕೊಳ್ಳುವ ಕಡೆ ಜಾಲದ ಸ್ವಿಚ್ಚನ್ನೂ ಪರೀಕ್ಷಿಸಬೇಕು. 100 ಎಂಬಿಪಿಎಸ್‌ನ ಹಳೆಯ ಸ್ವಿಚ್ಚು ಸೆಕೆಂಡಿಗೆ 12.5 ಎಂಬಿಗಿಂತ ಹೆಚ್ಚು ದಾಟಿಸಲಾರದು; ಅದರ ಹಿಂದೆ ಯಾವ ಮೆಮೊರಿ ಇದ್ದರೂ ಅಷ್ಟೇ.

ಮೆಮೊರಿಯೇ ಕಾರಣವಾಗಿರುವ ಪ್ರಸಂಗಗಳೂ ಇಲ್ಲದಿಲ್ಲ. ಆದರೆ ಅಲ್ಲಿ ಕೊರತೆ ಸಾಮಾನ್ಯವಾಗಿ ಪ್ರಮಾಣದ್ದು, ಪೀಳಿಗೆಯದಲ್ಲ. 4 ಜಿಬಿ ಯಂತ್ರದಲ್ಲಿ ಲೆಕ್ಕಪತ್ರ, ಜಿಎಸ್‌ಟಿ ಜಾಲತಾಣ, ಇ-ವೇ ಬಿಲ್ಲು, ಬ್ಯಾಂಕಿನ ಪುಟ ಎಲ್ಲವನ್ನೂ ತೆರೆದರೆ ಸ್ಥಳ ಸಾಲದೆ ಯಂತ್ರವು ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಕೆಲಸದ ನಡುವೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಮೆಮೊರಿ ಎಷ್ಟು ಭರ್ತಿಯಾಗಿದೆ, ಡಿಸ್ಕು ಎಷ್ಟು ದುಡಿಯುತ್ತಿದೆ, ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದು ತಿಳಿಯುತ್ತದೆ. ಒಂದು ಸ್ಲಾಟ್ ಖಾಲಿಯಿದ್ದಲ್ಲಿ ಈಗಿರುವಂತಹದೇ ಇನ್ನೊಂದು ಡಿಡಿಆರ್-4 ಪಟ್ಟಿಯನ್ನು ಸೇರಿಸಿದರೆ ಎರಡೂ ಜೋಡಿಯಾಗಿ ದುಡಿದು ಸೆಕೆಂಡಿಗೆ 51.2 ಜಿಬಿಯವರೆಗೆ ಸಾಗಿಸಬಲ್ಲವು. ಒಂದೇ ಪಟ್ಟಿ ಹಾಕಿ ಮಾರುವ 4800 ವೇಗದ ಡಿಡಿಆರ್-5 ಯಂತ್ರಕ್ಕಿಂತ ಇದು ಹೆಚ್ಚು ಎಂಬುದನ್ನು ಗಮನಿಸಬೇಕು.

ಪಟ್ಟಿ ತರುವ ಮುನ್ನ ಇದ್ದುದನ್ನು ಒಮ್ಮೆ ತೆಗೆದು ಶುಚಿಗೊಳಿಸುವುದೂ ಒಳ್ಳೆಯದು. ಜಿನ್ನಿಂಗ್ ಘಟಕಗಳ ಹತ್ತಿಯ ನವಿರು, ಗಿರಣಿಗಳ ತೌಡಿನ ಧೂಳು ಫ್ಯಾನಿಗೆ ಅಂಟಿಕೊಂಡು, ರಾಯಚೂರಿನ ಬೇಸಿಗೆಯಲ್ಲಿ ಪ್ರೊಸೆಸರ್ ಕಾದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಡಿಡಿಆರ್-5ರಲ್ಲಿ ವಿದ್ಯುತ್ ನಿಯಂತ್ರಕವು ಪಟ್ಟಿಯ ಮೇಲೆಯೇ ಇರುವುದು ನಿಜ. ಆದರೆ ಅದು ಯಂತ್ರದ ಒಳಗಿನ ಒತ್ತಡವನ್ನು ಹದಗೊಳಿಸುವ ಸಾಧನ. ಅದನ್ನು ನಂಬಿ ಯುಪಿಎಸ್ ಬಿಡುವಂತಿಲ್ಲ.

ಹಾಗಾದರೆ ಡಿಡಿಆರ್-5 ಕೊಳ್ಳಬೇಕಾದುದು ಯಾವಾಗ? ಯಂತ್ರವನ್ನೇ ಬದಲಾಯಿಸುವ ಕಾಲ ಬಂದಾಗ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆಯದು ಅಥವಾ ಅನಂತರದ್ದು ಬೇಕು. ಡಿಡಿಆರ್-3 ಬಳಸುವ ಡೆಸ್ಕ್‌ಟಾಪುಗಳು ಬಹುತೇಕ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಬ್ಯಾಂಕು ಮತ್ತು ತೆರಿಗೆಯ ವ್ಯವಹಾರ ನಡೆಸುವ ಅಂತಹ ಯಂತ್ರಕ್ಕೆ ಇನ್ನೂ ಹಣ ಸುರಿಯುವುದು ವ್ಯರ್ಥ. ಹೊಸದು ಕೊಳ್ಳುವುದಾದರೆ ಆಯ್ಕೆಗೂ ಹೆಚ್ಚು ಅವಕಾಶವಿಲ್ಲ. 2022ರಲ್ಲಿ ಬಂದ ಎಎಂಡಿಯ ಎಎಂ-5 ಬೋರ್ಡುಗಳೂ 2024ರ ಕೊನೆಯಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರುಗಳೂ ಡಿಡಿಆರ್-4 ಅನ್ನು ಒಪ್ಪುವುದೇ ಇಲ್ಲ.

ಬೆಲೆಯ ವಿಚಾರದಲ್ಲಿ ಮಾತ್ರ ಎಚ್ಚರ ಅಗತ್ಯ. ಮೆಮೊರಿ ತಯಾರಿಕೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯತ್ತ ಇವು ಉತ್ಪಾದನೆಯನ್ನು ತಿರುಗಿಸಿದ್ದರಿಂದ 2025ರ ಉತ್ತರಾರ್ಧದಲ್ಲಿ ಎರಡೂ ಪೀಳಿಗೆಗಳ ಬೆಲೆ ತೀವ್ರವಾಗಿ ಏರಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಬಿಡಿ ಮಾರಾಟದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಹತ್ತಿಯ ದರದಂತೆ ಇದೂ ಏರಿಳಿಯುವ ಸರಕು. ಕಳೆದ ತಿಂಗಳ ದರಪಟ್ಟಿಯನ್ನು ನಂಬಿ ಕೂರಲಾಗದು. ಮೆಮೊರಿ, ಬೋರ್ಡು, ಪ್ರೊಸೆಸರುಗಳ ದರವನ್ನು ಬೇರೆ ಬೇರೆಯಾಗಿ ಬರೆಸಿಕೊಂಡು ಜಿಎಸ್‌ಟಿ ಬಿಲ್ಲಿನೊಂದಿಗೇ ಕೊಳ್ಳಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕರಿಗೆ, ತೆರಿಗೆಗೊಳಪಟ್ಟ ವ್ಯವಹಾರಕ್ಕಾಗಿ ಕೊಂಡ ಯಂತ್ರದ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ.

ವೇಬ್ರಿಡ್ಜ್‌ಗೆ ಜೋಡಿಸಿದ ಯಂತ್ರವನ್ನು ಬದಲಾಯಿಸುವವರು ಇನ್ನೊಂದನ್ನು ಮೊದಲೇ ನೋಡಿಕೊಳ್ಳಬೇಕು. ತೂಕದ ಸೂಚಕಗಳು ಅನೇಕ ಕಡೆ ಇಂದಿಗೂ ಹಳೆಯ ಸೀರಿಯಲ್ ಪೋರ್ಟಿನ ಮೂಲಕವೇ ಸಂಪರ್ಕ ಹೊಂದುತ್ತವೆ. ಹೊಸ ಬೋರ್ಡುಗಳಲ್ಲಿ ಹಲವಕ್ಕೆ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಪರಿವರ್ತಕವೊಂದನ್ನು ಜೊತೆಗೇ ತಂದು, ಹಂಗಾಮು ಆರಂಭವಾಗುವ ಮುನ್ನವೇ ಖಾಲಿ ಲಾರಿಯೊಂದನ್ನು ತೂಗಿ ಪರೀಕ್ಷಿಸುವುದು ಲೇಸು. ಹಳೆಯ ಯಂತ್ರವನ್ನು ಅಲ್ಲಿಯವರೆಗೆ ಮಾರಬಾರದು.